ನನ್ನ ಪಾಲಿಗೆ ಬಂದ ಪೇಪರ್ ಪ್ಲೇಟು

ಡೆಟ್ರಾಯಿಟ್ ಪಕ್ಕದ ಲಿವೋನಿಯಾ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಹಬ್ಬದೂಟ ಎಂದರೆ ಮನೆಗೊಂದು ಅಡುಗೆ. ಯಾರಿಗೆ ಯಾವ ಅಡುಗೆ ಹಂಚಿಕೆಯಾಯಿತು ಎನ್ನುವುದರಲ್ಲೇ ಆ ವರ್ಷದ ಅವರ ಜಾತಕ ಇರುತ್ತಿತ್ತು. ಪಳಗಿದ ಕೈಗೆ ಹುಳಿ. ಹೊಸ ಮನೆ ಕೊಂಡವರಿಗೆ ಹೋಳಿಗೆ. ಮದುವೆಯಾಗದ ಹುಡುಗರಿಗೆ ಕೋಲಾ ಬಾಟಲಿ. ರಿಸೆಷನ್ ಬಂದ ಮೇಲೆ ಇದಕ್ಕೊಂದು ಹೊಸ ದರ್ಜೆ ಸೇರಿತು: ಕೆಲಸ ಹೋದವರಿಗೆ ಮೊಸರು. "ನೀವು ಸುಮ್ನೆ ಮೊಸರು ತಂದ್ಬಿಡಿ, ಸಾಕು" ಎಂದು ಫೋನಿನಲ್ಲಿ ಯಾರಾದರೂ ಮೆತ್ತಗೆ ಹೇಳಿದರೆ ಸುದ್ದಿ ಎಲ್ಲರಿಗೂ ತಲುಪಿದೆ ಎಂದು ಅರ್ಥ. ಆ ವರ್ಷದ ದೀಪಾವಳಿಯಲ್ಲಿ ಅನ್ನಕ್ಕಿಂತ ಮೊಸರೇ ಹೆಚ್ಚಾಗಿತ್ತು.

ಮೊಸರಿಗಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಪೇಪರ್ ಪ್ಲೇಟು. ಅದು ನನಗೆ ಬಂತು.

ನನ್ನ ಹೆಂಡತಿ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಸೂತಕದ ದಿನಗಳಲ್ಲಿ ಮನೆಯ ಒಲೆ ಹಚ್ಚಬಾರದು, ಬೇರೆ ಮನೆಗಳಿಂದ ಊಟ ಬರಬೇಕು. ಬಂತು. ಅದಕ್ಕೆ ನಾನು ಋಣಿ. ಊರಿನಲ್ಲಾದರೆ ವೈಕುಂಠ ಸಮಾರಾಧನೆ ಮುಗಿದ ಮೇಲೆ ಯಾರಾದರೂ ಹಿರಿಯರು "ಇನ್ನು ಏಳಪ್ಪ, ನಿನ್ನ ಕೆಲಸ ನೋಡ್ಕೋ" ಎನ್ನುತ್ತಾರೆ. ಇಲ್ಲಿ ಹಾಗೆ ಹೇಳುವ ವಯಸ್ಸಿನವರು ಯಾರೂ ಇರಲಿಲ್ಲ. ಇದ್ದವರಲ್ಲಿ ನಾನೇ ದೊಡ್ಡವನು. ಹಾಗಾಗಿ ನನ್ನ ಸೂತಕ ಮುಗಿಯಲೇ ಇಲ್ಲ. ಚಳಿಗಾಲ ಬಂದರೂ ಬಾಗಿಲ ಮುಂದೆ ಡಬ್ಬಿಗಳು ಬಂದು ಕೂರುತ್ತಿದ್ದವು. ದೇವಸ್ಥಾನದ ಹಾಲಿನಲ್ಲಿ ಮಡಿಸುವ ಕುರ್ಚಿ ಎತ್ತಲು ಹೋದರೆ ಕೈಯಿಂದ ಕಿತ್ತುಕೊಂಡು "ಅಂಕಲ್, ನೀವು ಕೂತ್ಕೊಳ್ಳಿ" ಎನ್ನುತ್ತಿದ್ದರು. ನಾನು ಡಿಪ್ಲೊಮಾ ಓದಿದವನು, ಕಾರಿನ ಬಿಡಿಭಾಗ ಮಾಡುವ ಶಾಪಿನಲ್ಲಿ ಕೆಲಸ. ಹಗಲೆಲ್ಲ ಕಬ್ಬಿಣ ಎತ್ತಿ ಇಳಿಸುತ್ತಿದ್ದೆ. ಸಂಜೆ ಕನ್ನಡಿಗರ ನಡುವೆ ಬಂದರೆ ಒಂದು ಕುರ್ಚಿ ಎತ್ತುವ ಹಾಗಿರಲಿಲ್ಲ.

ದುಃಖ ಇದ್ದೇ ಇತ್ತು. ಅದರಲ್ಲಿ ಯಾರೂ ಪಾಲು ತೆಗೆದುಕೊಳ್ಳಲು ಆಗುವುದಿಲ್ಲ. ನನಗೆ ಬೇಕಾಗಿದ್ದು ಬೇರೆ. ಎಲ್ಲರ ಹಾಗೆ ನನಗೂ ಏನಾದರೂ ಹೊರಲು ಕೊಡಲಿ ಎನ್ನುವುದು, ಅಷ್ಟೇ.

ಸ್ಕೀ ಪ್ರವಾಸಕ್ಕೆ ನಾನು ಒಪ್ಪಿದ್ದು ಈ ಆಸೆಯಿಂದಲೇ. ನಾಲ್ಕು ದಿನ ಕಾಡಿನ ಹಿಮದಲ್ಲಿ ಸ್ಕೀ ಕಟ್ಟಿಕೊಂಡು ಒಂದು ಮರದ ಕ್ಯಾಬಿನ್ನಿನಿಂದ ಇನ್ನೊಂದಕ್ಕೆ ಹೋಗುವುದು. ಊಟ, ಬಟ್ಟೆ, ಹಾಸಿಗೆ ಎಲ್ಲ ಬೆನ್ನ ಮೇಲೆ. ಕೊನೆಗೂ ಬೆನ್ನಿಗೆ ಒಂದು ಕೆಲಸ ಸಿಕ್ಕಿತು ಅಂದುಕೊಂಡೆ.

ಯೋಚನೆ ಲೊಂಬಾರ್ಡಿನವರದು. ಅವರು ಮೊದಲು ನಮ್ಮ ಪಕ್ಕದ ಬಡಾವಣೆಯಲ್ಲೇ ಇದ್ದರು. ಕಾರಿನ ಉದ್ಯಮ ಮುಳುಗುತ್ತದೆ ಎಂದು ಎಲ್ಲರಿಗಿಂತ ಮೊದಲು ಕಂಡುಕೊಂಡು, ಶಿಕಾಗೋ ಪಕ್ಕದ ಲೊಂಬಾರ್ಡ್ ಊರಿಗೆ ಹೋಗಿ, ಹತ್ತಿರದ ಲಿಸ್ಲ್‌ನಲ್ಲಿ ಐಟಿ ಕೆಲಸ ಹಿಡಿದು, ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಂಡರು. ಕಳೆದುಕೊಂಡರು ಎಂದು ಅವರ ಎದುರು ಹೇಳುವ ಹಾಗಿಲ್ಲ. ಅವರು ಬ್ರೇಕ್ ತೆಗೆದುಕೊಂಡಿದ್ದರು. ಇಂಟರ್‌ವ್ಯೂಗಳಲ್ಲಿ ಆ ಬ್ರೇಕಿನಲ್ಲಿ ಏನು ಮಾಡಿದಿರಿ ಎಂದು ಕೇಳುತ್ತಾರಂತೆ.

"ಸಾರ್, ಮಿಷಿಗನ್ ಮೇಲ್ಗಡೆ ಕಾಡಲ್ಲಿ ವಿಂಟರ್ ಎಕ್ಸ್‌ಪೆಡಿಷನ್ ಲೀಡ್ ಮಾಡಿದೀನಿ ಅಂತ ರೆಸ್ಯೂಮೆಲಿ ಹಾಕಿದ್ರೆ ಹೇಗಿರತ್ತೆ?" ಎಂದು ಫೋನಿನಲ್ಲಿ ಕೇಳಿದರು.

ಚೆನ್ನಾಗಿರತ್ತೆ ಅಂದೆ. ಆದರೆ ಲೀಡ್ ಮಾಡಬೇಕಾದರೆ ಹಿಂದೆ ಇಬ್ಬರಾದರೂ ಬರಬೇಕು. ಒಬ್ಬ ನಾನು. ಆರ್ಡರ್ ಇಲ್ಲದೆ ನಮ್ಮ ಶಾಪಿಗೆ ಆ ವಾರ ಬೀಗ ಹಾಕಿದ್ದರು. ಇನ್ನೊಬ್ಬರು ನಮ್ಮ ಬೀದಿಯ ಧಾರವಾಡದವರು, ಎಂಜಿನಿಯರ್. ಅವರಲ್ಲಿ ಮುಚ್ಚುಮರೆ ಇರಲಿಲ್ಲ. "ನನ್ನ ತಗದ ಹಾಕ್ಯಾರ್ರಿ. ಮನಿಮನಿಗೆ ಮೊಸರು ಹೊತ್ತು ಸಾಕಾಗೇತಿ. ನಡೀರಿ, ಹೋಗೂಣು" ಅಂದರು.

ಸ್ಕೀಗೆ ತೊಂದರೆಯಾಗಲಿಲ್ಲ. ಆ ವರ್ಷ ಡೆಟ್ರಾಯಿಟ್ ಸುತ್ತ ಪ್ರತಿ ಬೀದಿಯಲ್ಲೂ ಗರಾಜ್ ಸೇಲ್. ಕೆಲಸ ಹೋದ ಅಮೆರಿಕನ್ನರು ಮಾರಿದ ಸ್ಕೀಗಳನ್ನು ಕೆಲಸ ಹೋದ ಕನ್ನಡಿಗರು ಕೊಂಡರು. ಹಿಮ ತುಂಬಿದ ಗಾಲ್ಫ್ ಮೈದಾನದಲ್ಲಿ ಎರಡು ಭಾನುವಾರ ಬಿದ್ದು ಬಿದ್ದು ಕಲಿತೆವು. ಸ್ಕೀ ಮಾಡುವುದು ನಾವು ಹೆದರಿದಷ್ಟು ಕಷ್ಟವಿರಲಿಲ್ಲ. ಕಷ್ಟವಾಗಿದ್ದು ಮೂಟೆ ಕಟ್ಟುವುದು.

ಮೂಟೆ ಕಟ್ಟುವ ದಿನ ಎಲ್ಲರೂ ನಮ್ಮ ಮನೆಗೇ ಬಂದರು, ಯಾರೂ ಹೇಳಬೇಕಾಗಿರಲಿಲ್ಲ. ಊರಿಗೆ ಹೋಗುವವರ ಸೂಟ್‌ಕೇಸುಗಳು ಇಪ್ಪತ್ತು ವರ್ಷದಿಂದ ನಮ್ಮ ಹಾಲಿನಲ್ಲೇ ಮುಚ್ಚಿದ್ದು. ಸೂಟ್‌ಕೇಸಿನ ಹಿಡಿಯನ್ನು ಎರಡು ಬೆರಳಿನಲ್ಲಿ ಎತ್ತಿ "ಇನ್ನೊಂದು ಟವೆಲ್ ಹಿಡಿಯತ್ತೆ" ಎಂದು ನನ್ನ ಹೆಂಡತಿ ಹೇಳಿದರೆ ಆ ಟವೆಲ್ ಹಿಡಿಯುತ್ತಿತ್ತು. ಏರ್‌ಲೈನಿನವರು ಐವತ್ತು ಪೌಂಡ್ ಎಂದರೆ ಐವತ್ತು. ನಲವತ್ತೆಂಟಕ್ಕೆ ನಿಲ್ಲಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಖಾಲಿ ಜಾಗ ಬಿಟ್ರೆ ಏರ್‌ಲೈನ್ಸ್‌ಗೆ ದಾನ ಕೊಟ್ಟ ಹಾಗೆ" ಎನ್ನುತ್ತಿದ್ದಳು. ಊರಿಗೆ ಹೊರಟಿದ್ದೀರಂತೆ ಎಂದು ಯಾರು ಏನು ತಂದುಕೊಟ್ಟರೂ ಬೇಡ ಎಂದವಳಲ್ಲ. ಯಾರದೋ ಅತ್ತೆಯ ಮಂಡಿನೋವಿನ ಪಟ್ಟಿ, ಯಾರದೋ ಮಗುವಿನ ಮಾತಾಡುವ ಗೊಂಬೆ, ಎಲ್ಲ ನಮ್ಮ ಪೆಟ್ಟಿಗೆಯಲ್ಲಿ ಸಮುದ್ರ ದಾಟಿವೆ. ನಮ್ಮ ಬಟ್ಟೆಗೆ ಜಾಗ ಉಳಿಯದೆ ಒಮ್ಮೆ ನಾನು ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಮೇ ತಿಂಗಳ ಬೆಂಗಳೂರಿನಲ್ಲಿ ಇಳಿದಿದ್ದೇನೆ.

ಲೊಂಬಾರ್ಡಿನವರು ಇದಕ್ಕೆ ವಿರುದ್ಧವಾದ ಧರ್ಮಕ್ಕೆ ಹೊಸದಾಗಿ ಸೇರಿದ್ದರು. ಹಗುರವಾಗಿ ಹೋಗುವವರ ವೆಬ್‌ಸೈಟುಗಳನ್ನು ರಾತ್ರಿಯೆಲ್ಲ ಓದಿದ್ದರಂತೆ. ಅಂಗಿಯ ಕಾಲರಿನ ಲೇಬಲ್ ಕತ್ತರಿಸಿದ್ದರು. ಜಿಪ್ಪಿನ ತುದಿಯ ಲೋಹದ ತುಂಡು ಕಿತ್ತು ದಾರ ಕಟ್ಟಿದ್ದರು. ಅವರ ಸ್ವಂತ ಹೊಟ್ಟೆಯ ಬಗ್ಗೆ ಆ ವೆಬ್‌ಸೈಟುಗಳು ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ.

"ಒಬ್ಬೊಬ್ಬರಿಗೆ ಇಪ್ಪತ್ತೈದು ಪೌಂಡ್ ಲಿಮಿಟ್" ಎಂದು ಘೋಷಿಸಿದರು.

ಅಲ್ಲೇ ಕೆಲಸ ಕೆಟ್ಟಿತು. ನಮ್ಮ ಜನರ ಕಿವಿಗೆ ಲಿಮಿಟ್ ಎಂದರೆ ಅದು ದಾಟಬಾರದ ಗೆರೆಯಲ್ಲ, ಬಿಡಬಾರದ ಹಕ್ಕು. ಧಾರವಾಡದವರು ಮೂಟೆ ಹೊತ್ತು ನಮ್ಮ ಬಚ್ಚಲಮನೆಯ ತೂಕದ ಯಂತ್ರದ ಮೇಲೆ ನಿಂತರು. ತಮ್ಮ ತೂಕ ಕಳೆದರು. ಇಪ್ಪತ್ತೊಂದು ಬಂತು. ಮುಖ ಸಪ್ಪಗಾಯಿತು.

"ಇನ್ನ ನಾಕ ಪೌಂಡ್ ಐತಲ್ರೀ! ಸುಮ್ಮನ ಬಿಡೂದ?"

"ಬಿಡಿ ಸಾರ್, ಅದೇ ಅಲ್ವಾ ಪಾಯಿಂಟು? ಕಡಿಮೆ ಇದ್ದಷ್ಟೂ ಒಳ್ಳೇದು."

"ಕಡಿಮಿ ಯಾಕ ಒಯ್ಯೂದ್ರೀ, ಅವರ ಇಪ್ಪತ್ತೈದು ಅಂದಾಗ?"

"ಯಾರೂ ಅಂದಿಲ್ಲ ಸಾರ್. ನಾನೇ ಅಂದಿದ್ದು!"

ಧಾರವಾಡದವರು ಮನೆಗೆ ಹೋಗಿ ಒಂದು ತೆಂಗಿನಕಾಯಿ ತಂದರು. ಶುಭ ಕಾರ್ಯ, ಹೊರಡುವ ಮುಂಚೆ ಒಡೆಯಬೇಕು ಎಂದರು. ಮೂಟೆಯಲ್ಲಿ ಮೊದಲೇ ಎರಡು ಅಡಿ ಎತ್ತರಕ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಲೊಂಬಾರ್ಡಿನವರ ಮೂಟೆ ಹದಿನೆಂಟು ಪೌಂಡ್ ಇತ್ತು. ಅವರು ಹೆಮ್ಮೆಯಿಂದ ಬೀಗುತ್ತಿದ್ದಾಗ ಅವರ ಹೆಂಡತಿ ಲೊಂಬಾರ್ಡಿನಿಂದ ಫೋನ್ ಮಾಡಿ, ಕಾರಿನ ಡಿಕ್ಕಿಯಲ್ಲಿ ಕುಕ್ಕರ್ ಇಟ್ಟಿದ್ದೇನೆ, ಅಕ್ಕಿ ಅದರ ಒಳಗೇ ಇದೆ, ಒಣಗಿದ ಪ್ಯಾಕೆಟ್ ಊಟ ತಿಂದು ಬಂದು ನನ್ನ ಹತ್ತಿರ ಹೊಟ್ಟೆನೋವು ಅನ್ನಬೇಡಿ ಎಂದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಎಕ್ಸ್‌ಪೆಡಿಷನ್ ಲೀಡರ್ ಡಿಕ್ಕಿಯಿಂದ ಕುಕ್ಕರ್ ತಂದರು.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಆಂಟಿ ಬಂದರು. ಅವರ ಮಗಳು ಉತ್ತರ ಮಿಷಿಗನ್ನಿನ ಒಂದು ಕಾಲೇಜು ಊರಿನಲ್ಲಿ ಓದುತ್ತಿದ್ದಳು. ಕೈಯಲ್ಲಿ ಗಾಜಿನ ದೊಡ್ಡ ಜಾಡಿ, ಮಾಗಳಿ ಬೇರಿನ ಉಪ್ಪಿನಕಾಯಿ. "ಹೇಗೂ ಆ ಕಡೆ ಹೋಗ್ತಿದೀರಲ್ಲ, ಬರ್ತಾ ಕೊಟ್ಬಿಡಿ. ಕಾರಲ್ಲಿ ಬಿಡ್ಬೇಡಿ ಮತ್ತೆ, ಹೆಪ್ಪುಗಟ್ಟಿ ಜಾಡಿ ಒಡೆದುಹೋಗತ್ತೆ. ಜೊತೆಲೇ ಇಟ್ಕೊಳ್ಳಿ" ಎಂದರು. ನಾನು ಕೈ ಚಾಚಿದೆ. ಮೊದಲಾಗಿದ್ದರೆ ಆ ಜಾಡಿ ನೇರವಾಗಿ ನಮ್ಮ ಮನೆಯವಳ ಕೈಗೇ ಬರುತ್ತಿತ್ತು. ಆಂಟಿ ನನ್ನ ಕೈ ನೋಡಿದರು, ಕಣ್ಣು ಒದ್ದೆ ಮಾಡಿಕೊಂಡರು, ಜಾಡಿಯನ್ನು ಲೊಂಬಾರ್ಡಿನವರಿಗೆ ಕೊಟ್ಟರು.

ಕೊನೆಗೆ ನನ್ನ ಮೂಟೆ. ನಾನು ಪಾತ್ರೆ, ಸೌದೆ ಸೀಳುವ ಸಣ್ಣ ಕೊಡಲಿ, ಎಲ್ಲರ ಔಷಧಿ ತೆಗೆದಿಟ್ಟುಕೊಂಡಿದ್ದೆ. ಒಂದೊಂದಾಗಿ ಹೊರಗೆ ಬಂತು. "ಕೊಡಲಿ ನನಗಿರಲಿ ಸಾರ್." "ಪಾತ್ರಿ ನಾ ಹೊರತೇನ್ರಿ, ನೀವ್ಯಾಕ?" ಲೀಡರ್ ತೂಗಿದರು. ಹನ್ನೊಂದು ಪೌಂಡ್. "ನೋಡಿ, ಇದು ಐಡಿಯಲ್!" ಎಂದರು. ನನ್ನ ಮುಖ ನೋಡಿ ಅವರಿಗೂ ಏನೋ ಅನ್ನಿಸಿರಬೇಕು. ನಮ್ಮ ಅಡುಗೆಮನೆಗೆ ಹೋದರು. ದೀಪಾವಳಿಯಲ್ಲಿ ಉಳಿದಿದ್ದ ಪೇಪರ್ ಪ್ಲೇಟಿನ ಕಟ್ಟು ತಂದು ನನ್ನ ಮೂಟೆಯಲ್ಲಿ ಇಟ್ಟರು. "ಇದು ನಿಮ್ಮ ಜವಾಬ್ದಾರಿ ಸಾರ್."

ಧಾರವಾಡದವರ ವ್ಯಾನಿನಲ್ಲಿ ದೊಡ್ಡ ಸೇತುವೆ ದಾಟಿ, ದಾರಿಯಲ್ಲಿ ಒಂದು ಮೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಕಾಡಿನ ಅಂಚಿಗೆ ಬಂದೆವು. ಫ್ಯಾರನ್‌ಹೀಟಿನಲ್ಲೂ ಸೊನ್ನೆಗಿಂತ ಕೆಳಗಿನ ಚಳಿ. ಮೊದಲು ತೆಂಗಿನಕಾಯಿ. ಒಡೆಯಲು ಕಲ್ಲು ಹುಡುಕಿದರೆ ಎಲ್ಲೆಲ್ಲೂ ಹಿಮವೇ. ಧಾರವಾಡದವರು ದೇವರ ಹೆಸರು ಹೇಳಿ ಜೋರಾಗಿ ನೆಲಕ್ಕೆ ಹೊಡೆದರು. ಕಾಯಿ ಸದ್ದಿಲ್ಲದೆ ಮೂರಡಿ ಒಳಗೆ ಹೋಯಿತು. ಕೈ ಹಾಕಿ ಹುಡುಕಿ ತೆಗೆದು, ಒರೆಸಿ, ಮತ್ತೆ ಮೂಟೆಗೆ ಹಾಕಿಕೊಂಡರು.

ಆ ದಿನ ನಾನು ಮುಂದೆ ಮುಂದೆ ಹೋದೆ. ಹೆಮ್ಮೆ ಪಡುವಂಥದ್ದೇನಲ್ಲ. ಗಾಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲವೂ ಮುಂದೆ ಹೋಗುತ್ತದೆ. ಹಿಂದೆ ತಿರುಗಿದಾಗಲೆಲ್ಲ ಇಬ್ಬರಲ್ಲಿ ಒಬ್ಬರು ಬಿದ್ದಿರುತ್ತಿದ್ದರು. ಧಾರವಾಡದವರು ಮೂಟೆಯ ಮೇಲೆ ಅಂಗಾತ ಬಿದ್ದು, ಸ್ಕೀ ಎರಡೂ ಆಕಾಶಕ್ಕೆ ತೋರಿಸಿ, "ರೊಟ್ಟಿ ಹೋದೂವ್ರೀ, ರೊಟ್ಟಿ ಹೋದೂ!" ಎಂದು ಕೂಗುತ್ತಿದ್ದರು. ಅವರು ಬಿದ್ದಾಗಲೆಲ್ಲ ಒಳಗಿನಿಂದ ಹಪ್ಪಳ ಮುರಿದ ಸದ್ದು ಬರುತ್ತಿತ್ತು. ನಾನು ಹತ್ತಿರ ಹೋಗಿ ಏನಾದರೂ ಕೊಡಿ ಎಂದು ಕೇಳಿದರೆ, ಬಿದ್ದಲ್ಲಿಂದಲೇ ಕೈ ಮುಗಿದು, "ಬ್ಯಾಡ್ರೀ ಸರ್ರ, ನೀವು ನಿಮ್ಮ ಆರಾಮ ನೋಡ್ಕೋರಿ" ಎನ್ನುತ್ತಿದ್ದರು. ಸ್ವತಃ ಎದ್ದು ನಿಲ್ಲಲಾಗದವರು ನನಗೆ ಆರಾಮ ಹೇಳುತ್ತಿದ್ದರು.

ಒಬ್ಬನೇ ಮುಂದೆ ಹೋಗುವುದು ನನಗೆ ಬೇಕಿರಲಿಲ್ಲ. ಕಾಡು ಸದ್ದಿಲ್ಲದೆ ನಿಂತಿತ್ತು. ಬೆನ್ನಲ್ಲಿ ಭಾರವಿಲ್ಲದಿದ್ದರೆ ತಲೆ ತನ್ನದೇ ಕೆಲಸ ಹುಡುಕಿಕೊಳ್ಳುತ್ತದೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುತ್ತಿದ್ದೆ. ಆಗ ಅವಳು ಎಷ್ಟು ಹಗುರವಾಗಿದ್ದಳು ಎನ್ನುವುದೇ ದಾರಿಯುದ್ದಕ್ಕೂ ಕೈಗಳಿಗೆ ನೆನಪಾಗುತ್ತಿತ್ತು.

ಕ್ಯಾಬಿನ್ ಸೇರಿದಾಗ ಸಂಜೆ. ಒಳಗೆ ಕಬ್ಬಿಣದ ಒಲೆ, ಹೊರಗೆ ಸೌದೆ. ಸೌದೆಯೆಲ್ಲ ಹಸಿ. ಲೀಡರ್ ಹಗುರವಾಗಲೆಂದು ಬೆಂಕಿ ಹೊತ್ತಿಸುವ ಬತ್ತಿಗಳನ್ನು ಮನೆಯಲ್ಲೇ ಬಿಟ್ಟಿದ್ದರು. ನಡುಗುತ್ತಾ ಅತ್ತಿತ್ತ ನೋಡಿದರು. ಆಮೇಲೆ ಮೂವರ ಕಣ್ಣೂ ನನ್ನ ಪೇಪರ್ ಪ್ಲೇಟಿನ ಮೇಲೆ ಬಿತ್ತು.

ಚೆನ್ನಾಗಿ ಉರಿದವು. ಅದನ್ನು ಒಪ್ಪಿಕೊಳ್ಳಬೇಕು.

ಆ ರಾತ್ರಿ ಕುಕ್ಕರಿನಲ್ಲಿ ಅನ್ನವಾಯಿತು. ರೊಟ್ಟಿಯೆಲ್ಲ ಪುಡಿಯಾಗಿದ್ದರಿಂದ ಅದನ್ನು ಅನ್ನದ ಮೇಲೇ ಉದುರಿಸಿಕೊಂಡು, ಪ್ಲೇಟಿಲ್ಲದೆ ಕುಕ್ಕರಿನಿಂದಲೇ ಮೂವರೂ ತಿಂದೆವು. ನಂಜಿಕೊಳ್ಳಲು ಏನೂ ಇಲ್ಲ ಎಂದು ಲೊಂಬಾರ್ಡಿನವರು ಮೆಲ್ಲಗೆ ಮಾಗಳಿ ಬೇರಿನ ಜಾಡಿ ತೆಗೆದರು. ನಮ್ಮಿಬ್ಬರಂಥ ಮೈಸೂರು ಕಡೆಯವರಿಗೆ ಆ ವಾಸನೆ ಅಂದರೆ ಪ್ರಾಣ. ಧಾರವಾಡದವರು ಮೂಗು ಮುಚ್ಚಿಕೊಂಡು ಬಾಗಿಲು ತೆರೆದರು.

"ಏನ್ರೀ ಇದು, ತಗಣಿ ಹೊಸಕಿಧಂಗ! ಇದನ್ನ ಆ ಹುಡುಗಿಗೆ ಕೊಡಾವ್ರ? ಅಕಿ ಏನ್ ತಪ್ಪ ಮಾಡ್ಯಾಳ್ರೀ?"

"ಬಾಗಿಲು ಹಾಕಿ ಸಾರ್, ಸತ್ತೋಗ್ತೀವಿ ಚಳೀಲಿ!"

"ಚಳ್ಯಾಗ ಸತ್ತರ ಮರ್ಯಾದಿ ಇರತೈತಿ!"

ಬೆಳಿಗ್ಗೆ ಅವರಿಬ್ಬರೂ ಹೊಳೆಯಿಂದ ನೀರು ತರಲು ಹೋದರು. ನನಗೆ ಕೂತಿರಿ ಎಂದು ಹೇಳಿದರು. ನನ್ನ ಮೂಟೆ ಎತ್ತಿ ನೋಡಿದೆ. ಪ್ಲೇಟೂ ಹೋಗಿ, ಅದರಲ್ಲಿ ಈಗ ನನ್ನದೇ ಬಟ್ಟೆ, ನನ್ನದೇ ಹಾಸಿಗೆ. ಬೇರೆಯವರಿಗೆ ಬೇಕಾದ ಒಂದು ವಸ್ತುವೂ ಇರಲಿಲ್ಲ. ನಾನು ಕಾಡಿನಲ್ಲಿ ಕಳೆದುಹೋದರೆ ಇವರಿಗೆ ಒಂದು ಚಮಚವೂ ಕಡಿಮೆಯಾಗುವುದಿಲ್ಲ.

ಮೂರೂ ಮೂಟೆ ನೆಲಕ್ಕೆ ಸುರಿದೆ. ನನ್ನ ಹೆಂಡತಿ ಕಟ್ಟುತ್ತಿದ್ದ ಹಾಗೆ ಕಟ್ಟಿದೆ. ಗಟ್ಟಿ ಸಾಮಾನು ಬೆನ್ನಿಗೆ ಹತ್ತಿ, ಮೆತ್ತನೆಯದು ಹೊರಗೆ, ಸಂದಿಯಲ್ಲೆಲ್ಲ ಕಾಲುಚೀಲ. ಕುಕ್ಕರ್ ನನ್ನ ಮೂಟೆಗೆ. ಅದರೊಳಗೆ ಮಾಗಳಿ ಜಾಡಿ, ಸುತ್ತ ನನ್ನ ಸ್ವೆಟರ್. ಕೊಡಲಿ ನನಗೆ, ಔಷಧಿ ನನಗೆ. ಬಾಗಿಲು ತೆರೆಯಿತು.

"ಸಾರ್, ಏನ್ ಮಾಡ್ತಿದೀರಾ? ಇಡಿ, ಇಡಿ ಕೆಳಗೆ!" ಲೊಂಬಾರ್ಡಿನವರು ಬಂದು ಕುಕ್ಕರಿನ ಹಿಡಿಗೆ ಕೈ ಹಾಕಿದರು. ನಾನೂ ಬಿಡಲಿಲ್ಲ. ಇಬ್ಬರು ದೊಡ್ಡ ಗಂಡಸರು ಕಾಡಿನ ನಡುವೆ ಕುಕ್ಕರ್ ಎಳೆದಾಡಿದೆವು.

"ನಿಮಗ್ಯಾಕೆ ಸಾರ್ ಇದೆಲ್ಲ? ನಿಮಗೆ ಈಗಾಗ್ಲೇ..."

"ಸತ್ತಿರೋದು ನನ್ನ ಹೆಂಡತಿ ಕಣ್ರೀ" ಅಂದೆ. "ನನ್ನ ಬೆನ್ನಲ್ಲ."

ನಾನು ಹಾಗೆ ಗಟ್ಟಿಯಾಗಿ ಮಾತಾಡುವವನಲ್ಲ. ಲೊಂಬಾರ್ಡಿನವರು ಕೈ ಬಿಟ್ಟರು. ಧಾರವಾಡದವರು ನೀರಿನ ಬಾಟಲಿ ಕೆಳಗಿಟ್ಟು, ತಮ್ಮ ಮೂಟೆಯ ಬಾಯಿ ಬಿಚ್ಚಿ, ಒಳಗೆ ಕೈ ಹಾಕಿದರು.

"ಹಂಗಂದ್ರ ಈ ಟೆಂಗಿನಕಾಯಿನೂ ನೀವ ತಗೋರಿ" ಅಂದರು.

ತೆಗೆದುಕೊಂಡೆ.

ಹೊರಟು ಸ್ವಲ್ಪ ದೂರಕ್ಕೇ ಒಂದು ಇಳಿಜಾರಿನಲ್ಲಿ ನಾನು ಬಿದ್ದೆ. ಮುಖ ಕೆಳಗಾಗಿ, ಕುಕ್ಕರ್ ತಲೆಗೆ ಬಡಿದು, ಹಿಮ ಬಾಯಿಗೆ ತುಂಬಿತು. ಏಳಲು ನೋಡಿದರೆ ಮೂಟೆ ಏಳಲು ಬಿಡಲಿಲ್ಲ. ಮೇಲಿನಿಂದ ಧಾರವಾಡದವರ ದನಿ ಕೇಳಿಸಿತು. "ಸರ್ರ, ಎಷ್ಟ ಸೀಟಿ ಆದೂವ್ರಿ?"

ಲೊಂಬಾರ್ಡಿನವರು ತಡೆಯಲು ನೋಡಿದರು. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ಅವರೂ ಬಿದ್ದರು. ಸೆಪ್ಟೆಂಬರಿನಿಂದ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ಹಿಮದಲ್ಲಿ ಮುಖ ಹುದುಗಿಸಿಕೊಂಡು ನಾನು ಸ್ವಲ್ಪ ಹೊತ್ತು ಹಾಗೇ ಇದ್ದೆ. ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ಯಾರೂ ಬಂದು ಎತ್ತಲಿಲ್ಲ. ನಾನೇ ಎದ್ದೆ.

ಉಳಿದ ದಿನಗಳಲ್ಲಿ ನಾನು ಎಲ್ಲರಿಗಿಂತ ಹಿಂದೆ ಇದ್ದೆ. ಭುಜದ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತು. ರಾತ್ರಿ ಮಲಗಿದರೆ ಸೊಂಟ ನೋವು. ಅದರಿಂದಲೋ ಏನೋ, ನಿದ್ದೆ ಬಂತು. ನಾಲ್ಕನೆಯ ದಿನ ವ್ಯಾನಿನ ಹತ್ತಿರ ಬಂದಾಗ, ಪಾರ್ಕಿಂಗ್ ಜಾಗದ ಕಬ್ಬಿಣದ ಕಂಬಕ್ಕೆ ತೆಂಗಿನಕಾಯಿ ಒಡೆದೆವು. ಒಳಗಿನ ನೀರು ಮಂಜುಗಡ್ಡೆಯಾಗಿತ್ತು. ಚೂರು ಚೂರು ಮಾಡಿ ಐಸ್‌ಕ್ಯಾಂಡಿಯ ಹಾಗೆ ಚೀಪಿದೆವು. ಲೊಂಬಾರ್ಡಿನವರು ರೆಸ್ಯೂಮೆಗೆಂದು ಒಂದು ಫೋಟೋ ತೆಗೆಸಿಕೊಂಡರು. ಅದರಲ್ಲಿ ಹಿಂದೆ ಕುಕ್ಕರ್ ಕಾಣುತ್ತದೆ ಎಂದು ಇನ್ನೊಂದು ತೆಗೆಸಿದರು.

ಬರುತ್ತಾ ಕಾಲೇಜು ಊರಿನಲ್ಲಿ ನಿಲ್ಲಿಸಿದೆವು. ಆಂಟಿಯ ಮಗಳು ಹಾಸ್ಟೆಲಿನ ಮೆಟ್ಟಿಲಿಳಿದು ಬಂದಳು. ಇಲ್ಲೇ ಹುಟ್ಟಿದ ಹುಡುಗಿ. ಜಾಡಿ ಕೈಗೆ ಕೊಟ್ಟೆ. ಮುಚ್ಚಳ ತೆರೆಯುವ ಮುಂಚೆಯೇ ಮೂಗು ಸುಕ್ಕಾಯಿತು. "ಓ ನೋ. ನಾಟ್ ದಿಸ್ ಅಗೇನ್" ಎಂದಳು. ಜಾಡಿಯಲ್ಲಿ ಅರ್ಧವೇ ಇತ್ತು, ಅದನ್ನು ಕಂಡು ಸ್ವಲ್ಪ ಸಮಾಧಾನವಾದ ಹಾಗಿತ್ತು. ಆಮೇಲೆ ಏನೋ ನೆನಪಾಗಿ, "ಅಂಕಲ್, ಯು ಆರ್ ಗೋಯಿಂಗ್ ಹೋಮ್ ಎನಿವೇ, ರೈಟ್?" ಎಂದು ಒಳಗೆ ಓಡಿದಳು. ಒಗೆಯದ ಬಟ್ಟೆಯ ಒಂದು ದೊಡ್ಡ ಚೀಲ ಎಳೆದುಕೊಂಡು ಬಂದಳು. "ಕ್ಯಾನ್ ಯು ಗಿವ್ ದಿಸ್ ಟು ಅಮ್ಮ?"

ಸಮುದ್ರ ದಾಟಿದರೂ, ಭಾಷೆ ಬದಲಾದರೂ, ಮಾತು ಅದೇ. ಹೇಗೂ ಹೋಗ್ತಿದೀರಲ್ಲ.

ಲೊಂಬಾರ್ಡಿನವರು ಅಭ್ಯಾಸದಂತೆ ಮುಂದೆ ಬಂದು ಚೀಲಕ್ಕೆ ಕೈ ಚಾಚಿದರು. ಚಾಚಿದ ಕೈಯನ್ನು ನಡುವೆಯೇ ನಿಲ್ಲಿಸಿ ಜೇಬಿಗೆ ಹಾಕಿಕೊಂಡರು. "ಅವ್ರಿಗೆ ಕೊಡಮ್ಮ" ಅಂದರು.

ಚೀಲದ ಹಿಡಿಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದೆ. ನನಗೆ ನನ್ನ ಹೆಂಡತಿಯಷ್ಟು ತಿಳಿಯುವುದಿಲ್ಲ. "ಹದಿನೆಂಟು ಪೌಂಡ್ ಇರಬಹುದು" ಅಂದೆ.

ಧಾರವಾಡದವರು ವ್ಯಾನಿನ ಕಿಟಕಿಯಿಂದ ತಲೆ ಹಾಕಿದರು. "ಹಂಗಾರ ಇನ್ನ ಏಳ ಪೌಂಡ್ ಜಾಗಾ ಐತಿ. ಮತ್ತೇನರ ಕಳಸೂದೈತೇನು ತಂಗಿ?"

ಹುಡುಗಿ ಒಂದು ಕ್ಷಣ ಯೋಚಿಸಿದಳು. ಮತ್ತೆ ಒಳಗೆ ಹೋದಳು.